ತೇಪೆ ಹಚ್ಚಿದ ಅಂಗೈ

ಪುಕ್ಕಟೆ ಕೊಟ್ಟ ವಸ್ತುವಿಗೆ ಬೈಸಿಕೊಳ್ಳುವ ಯೋಗ ತನ್ನ ಹೆಂಡತಿಯ ಜಾತಕದಲ್ಲಿಯೇ ಇದೆ ಎಂದು ಮಹಾಂತೇಶ ಹಂಚಿನಾಳ ಮನೆಗೆ ಬಂದವರ ಮುಂದೆಲ್ಲ ತಮಾಷೆ ಮಾಡುವುದಿತ್ತು. ಶಿವಲೀಲಾ ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ಆ ವರ್ಷ ಶ್ರಾವಣ ಕಳೆಯುತ್ತಿದ್ದಂತೆ ಧಾರವಾಡದ ಅವರ ಮನೆಗೆ ಬರತೊಡಗಿದ ಫೋನುಗಳು ನಕ್ಕು ಮರೆಯುವಂಥವಲ್ಲ. ಹೊಸಪೇಟೆಯ ಟೇಲರ್ ಒಬ್ಬ ಇಸ್ತ್ರಿ ಪೆಟ್ಟಿಗೆ ಹಿಡಿಯಲಾಗುತ್ತಿಲ್ಲ ಎಂದು ಗೋಳಾಡಿದ. ಬಾಗಲಕೋಟೆಯಿಂದ ಮಾತಾಡಿದ ಕಮ್ಮಾರ, ಸುತ್ತಿಗೆ ಎತ್ತಿದರೆ ಕೈ ಅರ್ಧಕ್ಕೇ ನಿಲ್ಲುತ್ತದೆ ಎಂದ. ಗದಗಿನ ಖಾನಾವಳಿಯ ಗುರುಬಸವ್ವ ಗೋಳಾಡುವ ಪೈಕಿಯವಳಲ್ಲ. ಅವಳು ನೇರವಾಗಿ ಬೈದಳು.

“ಬಾಯಾರ, ನಿಮ್ಮ ಕೈಗೆ ಏನ್ ಬ್ಯಾನಿ ಬಡದೈತ್ರಿ? ಇಷ್ಟ ದಿನ ಹೇಳಿದಂಗ ಕೇಳ್ಕೊಂಡಿತ್ತು. ಈಗ ಹಂಚಿನ ಹತ್ರ ಒಯ್ದ್ರ ಅಂಜಿ ಹಿಂದ ಸರೀತೈತಿ. ರೊಟ್ಟಿ ಬಡಿ ಅಂದ್ರ ಬೆಣ್ಣಿ ಸವರಿದಂಗ ಸವರತೈತಿ. ಚಲೋ ಇದ್ದದ್ದನ್ನ ಯಾಕ್ ಕೆಡಿಸಿದ್ರಿ?”

ತಾನು ಏನೂ ಕೆಡಿಸಿಲ್ಲ, ಕಳೆದ ಯುಗಾದಿಯಿಂದ ಅದನ್ನು ಮುಟ್ಟಿಯೇ ಇಲ್ಲ ಎಂದು ಶಿವಲೀಲಾ ಹೇಳಿದಳು. ಗುರುಬಸವ್ವ ನಂಬಲಿಲ್ಲ. ಕೈ ಚಾಲೂ ಮಾಡಿದಾಗಲೆಲ್ಲ ಮೊಬೈಲಿನಲ್ಲಿ ಶಿವಲೀಲಾಳ ಹೆಸರೇ ಮೂಡುವಾಗ ಬೇರೆ ಯಾರನ್ನು ಬೈಯಬೇಕು ಎಂದು ಕೇಳಿ ಫೋನಿಟ್ಟಳು.

ಆ ಕೈಯ ವಿಷಯ ಇಷ್ಟು. ಶಿವಲೀಲಾ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವಳು. ಕೈ ಕಳೆದುಕೊಂಡವರಿಗೆ ರಬ್ಬರು, ತಂತಿ, ಸಣ್ಣ ಮೋಟರುಗಳಿಂದ ಕೃತಕ ಕೈ ಮಾಡಿಕೊಡುವವರು ಆಗ ಊರೂರಿಗೆ ಹುಟ್ಟಿಕೊಂಡಿದ್ದರು. ಆದರೆ ಆ ಕೈಯೊಳಗೆ ಕೂತು ಬೆರಳಾಡಿಸುವ ಬುದ್ಧಿ ಮಾತ್ರ ದೊಡ್ಡ ಕಂಪನಿಗಳ ಸ್ವತ್ತಾಗಿತ್ತು. ಅದು ಹೇಗೆ ನಡೆಯುತ್ತದೆ ಎಂದು ಇಣುಕಿ ನೋಡಲೂ ಬಿಡುತ್ತಿರಲಿಲ್ಲ. ಶಿವಲೀಲಾ ಏಳೆಂಟು ವರ್ಷ ಕೂತು ತಾನೇ ಒಂದು ತಂತ್ರಾಂಶ ಬರೆದಳು. ಅದಕ್ಕೆ ‘ಅಂಗೈ’ ಎಂದು ಹೆಸರಿಟ್ಟು, ಯಾರು ಬೇಕಾದರೂ ತೆಗೆದುಕೊಳ್ಳಿ, ಬಿಚ್ಚಿ ನೋಡಿ, ತಿದ್ದಿ, ಇನ್ನೊಬ್ಬರಿಗೆ ಕೊಡಿ ಎಂದು ಊರ ಬಾವಿಯ ಹಾಗೆ ಬಿಟ್ಟುಬಿಟ್ಟಳು.

ಉಳಿದ ತಂತ್ರಾಂಶಗಳಿಗಿಲ್ಲದ ಒಂದು ಗುಣ ಅಂಗೈಗಿತ್ತು. ಅದು ಪಳಗುತ್ತಿತ್ತು. ತೋಳಿನ ಸ್ನಾಯುಗಳಲ್ಲಿ ಹರಿಯುವ ಅತಿ ಸಣ್ಣ ವಿದ್ಯುತ್ತನ್ನು ಓದಿ ಬೆರಳಾಡಿಸುವುದು ಎಲ್ಲ ಕೈಗಳೂ ಮಾಡುವ ಕೆಲಸ. ಅಂಗೈ ಅದರ ಜೊತೆಗೆ ಬೆರಳ ತುದಿಯ ಬಿಸಿ, ಒತ್ತಡ, ಪೆಟ್ಟು ಎಲ್ಲವನ್ನೂ ನೆನಪಿಟ್ಟುಕೊಂಡು, ಈ ಮನುಷ್ಯನ ಕೆಲಸ ಏನು, ಇವನಿಗೆ ಯಾವ ಬಿಸಿ ಸಹಜ, ಯಾವುದು ಅಪಾಯ ಎಂದು ಕೆಲವು ವಾರಗಳಲ್ಲಿ ಕಲಿತುಬಿಡುತ್ತಿತ್ತು. ಟೇಲರನ ಕೈ ಟೇಲರನದಾಗುತ್ತಿತ್ತು, ಕಮ್ಮಾರನದು ಕಮ್ಮಾರನದು. ಹಿಟ್ಟಿನ ಗಿರಣಿಯ ಬೆಲ್ಟಿಗೆ ಬಲಗೈ ಕೊಟ್ಟಿದ್ದ ಗುರುಬಸವ್ವ, ಆ ಕಲಿತ ಕೈಯಿಂದಲೇ ಮತ್ತೆ ಜೋಳದ ರೊಟ್ಟಿ ಬಡಿಯತೊಡಗಿದ್ದಳು. ಗದಗಿನ ಬಸ್‌ಸ್ಟ್ಯಾಂಡಿನ ಹಿಂದಿನ ಆ ಖಾನಾವಳಿಗೆ ಜನ ಬರುತ್ತಿದ್ದದ್ದೇ ಅವಳ ರೊಟ್ಟಿಗೆ.

ಅಂಗೈಯನ್ನು ಧಾರವಾಡದ ಮನೆಯಿಂದ ನಾಡಿನ ಜನರವರೆಗೆ ಮುಟ್ಟಿಸಿದ್ದು ಬೆಂಗಳೂರಿನ ‘ಆಸರೆ ಒಕ್ಕೂಟ’. ಕಣ್ಣು, ಕಿವಿ, ಕಾಲು, ಕೈ ಎಂದು ಅಂಗವಿಕಲರಿಗೆ ಬೇಕಾದ ಬಿಟ್ಟಿ ತಂತ್ರಾಂಶಗಳನ್ನೆಲ್ಲ ಒಟ್ಟುಮಾಡಿ, ಒಂದಕ್ಕೊಂದು ಹೊಂದಿಸಿ, ಪರೀಕ್ಷೆ ಮಾಡಿ, ಅವುಗಳನ್ನು ತುಂಬಿದ ಕೃತಕ ಅಂಗಗಳನ್ನು ಆಸ್ಪತ್ರೆಗಳ ಮೂಲಕ ಹಂಚುವ ಸಂಸ್ಥೆ ಅದು. ಅವರಿಲ್ಲದಿದ್ದರೆ ಗುರುಬಸವ್ವನಂಥವರಿಗೆ ಕೈ ಸಿಗುತ್ತಲೇ ಇರಲಿಲ್ಲ, ಆ ಮಾತನ್ನು ಶಿವಲೀಲಾ ಯಾವತ್ತೂ ಅಲ್ಲಗಳೆದವಳಲ್ಲ. ಹಂಚುವವರ ಮೇಲೆ ಅವಳಿಗೆ ಗೌರವವೇ ಇತ್ತು. ಅದಕ್ಕೇ ಅವಳಿಗೆ ಮುಂದೆ ಅಷ್ಟು ಸಿಟ್ಟು ಬಂದದ್ದು.

ಗುರುಬಸವ್ವನಿಗೆ ಅವಳೇ ತಿರುಗಿ ಫೋನು ಮಾಡಿ, ಮೊಬೈಲಿನಲ್ಲಿ ತನ್ನ ಹೆಸರಿನ ಕೆಳಗೆ ಏನು ಬರೆದಿದೆ ಓದಿ ಹೇಳಲು ಬೇಡಿಕೊಂಡಳು. ‘ಅಂಗೈ ನಾಲ್ಕು, ಆಸರೆ ಹದಿನೇಳು’ ಎಂದಿತ್ತು. ನಾಲ್ಕು ಅವಳದೇ. ಆಸರೆ ಹದಿನೇಳು ಅಂದರೆ ಅವಳ ನಾಲ್ಕನೆಯ ಅಂಗೈಗೆ ಒಕ್ಕೂಟದವರು ಹದಿನೇಳು ಸಲ ತಮ್ಮದೇ ತೇಪೆ ಹಚ್ಚಿದ್ದಾರೆ ಎಂದರ್ಥ. ಅದರಲ್ಲಿ ಎರಡೋ ಮೂರೋ ಅವಳಿಗೆ ಗೊತ್ತಿದ್ದವು. ಮಿಕ್ಕವುಗಳ ಬಗ್ಗೆ ಯಾರೂ ಅವಳಿಗೆ ಒಂದು ಸಾಲು ಬರೆದಿರಲಿಲ್ಲ.

ಹಿತ್ತಲ ಕೋಣೆಯಲ್ಲಿ ಅವಳ ಪ್ರಯೋಗದ ಕೈಯೊಂದು ಮರದ ಸ್ಟ್ಯಾಂಡಿಗೆ ಕಟ್ಟಿಕೊಂಡು ನಿಂತಿರುತ್ತಿತ್ತು. ಒಕ್ಕೂಟದ ಅಂಗೈಯನ್ನು ಇಳಿಸಿಕೊಂಡು ಅದಕ್ಕೆ ತುಂಬಿದಳು. ಸ್ಟ್ಯಾಂಡ್ ಸಮೇತ ಎತ್ತಿಕೊಂಡು ಹೋಗಿ ಅಡುಗೆಮನೆಯ ಒಲೆಯ ಪಕ್ಕ ನಿಲ್ಲಿಸಿ, ಹಂಚು ಕಾಯಿಸಿ, ಬೆರಳುಗಳನ್ನು ಅದರತ್ತ ಚಾಚಿದಳು. ಹಂಚು ಇನ್ನೂ ಗೇಣುದ್ದ ದೂರವಿರುವಾಗಲೇ ಕೈ ಗಕ್ಕನೆ ಹಿಂದಕ್ಕೆ ಬಂತು. ಮಣೆಯ ಮೇಲೆ ಬಡಿಸಿ ನೋಡಿದಳು. ಮಣೆ ಮುಟ್ಟುವ ಮುಂಚೆಯೇ ವೇಗ ಕಳೆದುಕೊಂಡು ಮೆಲ್ಲಗೆ ಇಳಿಯಿತು. ಎಷ್ಟು ಸಲ ಮಾಡಿಸಿದರೂ ಅಷ್ಟೆ. ಕಲಿಯುವ ಮಾತೇ ಇಲ್ಲ. ಪಳಗಿಸುವ ಆಯ್ಕೆ ಇದ್ದ ಜಾಗದಲ್ಲಿ ಏನೂ ಇರಲಿಲ್ಲ, ಕಿತ್ತು ಒಗೆದಿದ್ದರು.

ಅಡುಗೆಮನೆಯಲ್ಲೇ ನಿಂತು ಆ ಹದಿನೇಳನೆಯ ತೇಪೆಯ ಬರಹ ತೆಗೆದು ಓದಿದಳು. ಬಿಸಿ ತಗುಲಿದರೆ ಕೈ ಹಿಂದೆಗೆಯಬೇಕು, ಜೋರಾಗಿ ಬಡಿಯಕೂಡದು, ಬಳಕೆದಾರರಿಗೆ ಗೊಂದಲವಾಗುವ ಆಯ್ಕೆಗಳನ್ನು ತೆಗೆಯಲಾಗಿದೆ ಎಂದಿತ್ತು. ಕೊನೆಯಲ್ಲಿ ಒಂದು ಸಾಲು: ಮೂಲ ಲೇಖಕರ ಅಜಾಗರೂಕತೆಯನ್ನು ಸರಿಪಡಿಸಲಾಗಿದೆ.

ಶಿವಲೀಲಾಳಿಗೆ ಮೈಯೆಲ್ಲ ಉರಿದುಹೋಯಿತು. ತಿದ್ದಬಾರದು ಎಂದು ಅವಳು ಯಾವತ್ತೂ ಹೇಳಿದವಳಲ್ಲ. ತಿದ್ದಿ ಎಂದು ಕೂಗಿ ಹೇಳಿದವಳೇ ಅವಳು. ಆದರೆ ತಿದ್ದಿದವರು ತಮ್ಮ ಹೆಸರಲ್ಲಿ ತಿದ್ದಬೇಕು ತಾನೆ? ತಮ್ಮ ಅಡುಗೆಗೆ ಅವಳ ಮನೆಯ ಪಾತ್ರೆ ಇಟ್ಟು ಬಡಿಸುವುದು ಎಂಥ ನ್ಯಾಯ? ಒಗ್ಗರಣೆ ಸೀದದ್ದಕ್ಕೆ ಉಣ್ಣುವವರು ಅವಳನ್ನು ಬೈಯಬೇಕು, ಸೀಯಿಸಿದವರು ಅವಳದೇ ಅಜಾಗರೂಕತೆ ಎಂದು ಗೋಡೆಯ ಮೇಲೆ ಬರೆಯಬೇಕು. ಗಂಡನಿಗೆ ಅದನ್ನೇ ಹೇಳಿ ಹೇಳಿ ಸುಸ್ತಾದಳು. ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡ ಮಹಾಂತೇಶ ಅಂದು ಮಾತ್ರ ತಮಾಷೆ ಮಾಡಲಿಲ್ಲ. ಗದಗಕ್ಕೆ ಹೋಗಿ ಆಕೆಯನ್ನು ಕಣ್ಣಾರೆ ನೋಡಿ ಬಾ, ಆಮೇಲೆ ಬೆಂಗಳೂರಿನವರ ಜೊತೆ ಜಗಳಾಡು ಎಂದ.

ಖಾನಾವಳಿಯಲ್ಲಿ ಮಧ್ಯಾಹ್ನದ ಗದ್ದಲ ಇರಬೇಕಾದ ಹೊತ್ತಿನಲ್ಲಿ ಅರ್ಧ ಬೆಂಚುಗಳು ಖಾಲಿ ಇದ್ದವು. ಗುರುಬಸವ್ವ ಐವತ್ತರ ಆಸುಪಾಸಿನ, ಎತ್ತರದ ಹೆಂಗಸು. ಒಲೆಯ ಮುಂದೆ ಕೂತು, ಕೃತಕ ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ರೊಟ್ಟಿ ಬಡಿಯಲು ಹೆಣಗುತ್ತಿದ್ದಳು. ಬಟ್ಟೆ ತಣ್ಣಗಿರುವಷ್ಟು ಹೊತ್ತು ಕೈಗೆ ಬಿಸಿ ಗೊತ್ತಾಗುವುದಿಲ್ಲ ಎಂಬುದನ್ನು ತಾನೇ ಕಂಡುಕೊಂಡಿದ್ದಳು. ಆದರೂ ಹಿಟ್ಟಿನ ಮೇಲೆ ಏಟು ಬೀಳುತ್ತಿರಲಿಲ್ಲ. ರೊಟ್ಟಿ ದಪ್ಪಗೆ, ಅಂಚು ಒಡೆದು, ಅಲ್ಲಲ್ಲಿ ಹಸಿಯಾಗಿ ಬರುತ್ತಿತ್ತು. ಹಂಚಿನ ಮೇಲೆ ಮಗುಚಲು ಹೋದಾಗ ಬಟ್ಟೆ ಬಿಸಿಯಾಗಿ ಕೈ ಒಮ್ಮೆಲೇ ಹಿಂದಕ್ಕೆ ಜಿಗಿಯಿತು, ರೊಟ್ಟಿ ಬೂದಿಗೆ ಬಿತ್ತು. ಗುರುಬಸವ್ವ ಬೈಯಲೂ ಇಲ್ಲ. ರೊಟ್ಟಿಯನ್ನು ಎತ್ತಿ ಪಕ್ಕಕ್ಕಿಟ್ಟು ಇನ್ನೊಂದು ಉಂಡೆ ತೆಗೆದುಕೊಂಡಳು.

ಅವಳ ಮೈದುನ ಈರಣ್ಣ ದುಡ್ಡಿನ ಗಲ್ಲೆಯ ಮೇಲಿದ್ದ. ಖಾನಾವಳಿ ಇಬ್ಬರದೂ. ಅವನು ಕೆಟ್ಟವನೇನಲ್ಲ, ಆದರೆ ಗಿರಾಕಿಗಳು ಎದುರಿನ ಅಂಗಡಿಗೆ ಹೋಗುವುದನ್ನು ದಿನವೂ ನೋಡಿ ಅವನ ತಾಳ್ಮೆ ತೀರಿತ್ತು. ದಸರಾ ಕಳೆದ ಮೇಲೆ ರೊಟ್ಟಿ ಮಷಿನ್ ತರಿಸುತ್ತೇನೆ, ಅತ್ತಿಗೆ ಗಲ್ಲೆಯ ಮೇಲೆ ಕೂತು ರಾಣಿ ಹಾಗೆ ಇರಲಿ ಎಂದು ಶಿವಲೀಲಾಳ ಎದುರಿಗೇ ಹೇಳಿದ. ಗುರುಬಸವ್ವ ಒಲೆಗೆ ಕಟ್ಟಿಗೆ ಸರಿಸಿದಳು. ಅವನು ಹೊರಗೆ ಹೋದ ಮೇಲೆ ಮೆಲ್ಲಗೆ ಮಾತಾಡಿದಳು.

“ಕೈ ಹ್ವಾದ ವರ್ಷ ನಾ ಆ ಗಲ್ಲೇ ಮ್ಯಾಲ ಕುಂತಿದ್ನಿರಿ ಬಾಯಾರ. ಎಲ್ಲಾರೂ ಚಲೋ ನೋಡ್ಕೊಂಡ್ರು. ಆದ್ರ ನನ್ನ ಮನ್ಯಾಗ ನಾ ಬೀಗತಿ ಆಗಿದ್ದೆ. ಮತ್ತ ಅಲ್ಲಿ ಕುಂದ್ರಸಬ್ಯಾಡ್ರಿ ನನ್ನ.”

ಶಿವಲೀಲಾ ಚೀಲದಿಂದ ಲ್ಯಾಪ್‌ಟಾಪ್ ತೆಗೆದಳು. ತನ್ನ ಮೂಲ ಅಂಗೈಯನ್ನು ಮತ್ತೆ ಅದೇ ಕೈಗೆ ತುಂಬಿದರೆ ಆಯಿತಲ್ಲ, ಅರ್ಧ ತಾಸಿನ ಕೆಲಸ ಎಂದುಕೊಂಡಿದ್ದಳು. ಕೈ ಒಪ್ಪಲಿಲ್ಲ. ಒಕ್ಕೂಟದ ಮೊಹರು ಇಲ್ಲದ ಯಾವ ತಂತ್ರಾಂಶವನ್ನೂ ಒಳಗೆ ಬಿಡದಂತೆ ಇನ್ನೊಂದು ತೇಪೆಯಲ್ಲಿ ಬೀಗ ಹಾಕಿದ್ದರು. ಗುರುಬಸವ್ವನ ಮೊಬೈಲಿನಲ್ಲಿ ಕೆಂಪು ಅಕ್ಷರ ಮೂಡಿತು: ಅಪರಿಚಿತ ಮೂಲದ ತಂತ್ರಾಂಶ, ತಿರಸ್ಕರಿಸಲಾಗಿದೆ. ಅದರ ಮೇಲ್ಗಡೆ ಎಂದಿನ ಹಾಗೆ, ರಚನೆ: ಶಿವಲೀಲಾ ಹಂಚಿನಾಳ. ತನ್ನ ಹೆಸರಿನ ಕೆಳಗೇ ತನ್ನನ್ನು ಅಪರಿಚಿತಳು ಎಂದು ಹೊರಹಾಕುವುದನ್ನು ಅವಳು ಎರಡು ಸಲ ಓದಿದಳು. ನಾಚಿಕೆಗೆಟ್ಟವರು ಎಂದು ಬಾಯಿಬಿಟ್ಟೇ ಹೇಳಿದಳು. ಅಂದು ಸಂಜೆಯ ರೈಲಿಗೇ ಬೆಂಗಳೂರಿಗೆ ಹೊರಟಳು.

ಒಕ್ಕೂಟದ ಕಚೇರಿ ತಣ್ಣಗಿತ್ತು. ಗೋಡೆಯುದ್ದಕ್ಕೂ ಪರದೆಗಳು, ಅದರಲ್ಲಿ ನಾಡಿನ ನಕ್ಷೆ, ನಕ್ಷೆಯ ತುಂಬ ಹಸಿರು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದು ಕೈ, ಕಾಲು, ಕಿವಿ. ಅಂಗೈಯ ಉಸ್ತುವಾರಿ ನಂದಕುಮಾರ್ ಎಂಬ ತರುಣನದು. ಮೂವತ್ತರ ಒಳಗಿನವನು, ಸಜ್ಜನ, ಬಂದ ತಕ್ಷಣ ಕಾಫಿ ತರಿಸಿದ. ಅಂಗೈಯಂಥ ಅರವತ್ತು ತಂತ್ರಾಂಶಗಳನ್ನು ಅವನೊಬ್ಬನೇ ನೋಡಿಕೊಳ್ಳುತ್ತಿದ್ದನಂತೆ. ಅವುಗಳನ್ನು ಬರೆದವರನ್ನೆಲ್ಲ ಅವನು ‘ಮೂಲದವರು’ ಎಂದು ಕರೆಯುತ್ತಿದ್ದ. ಮೂಲದವರು ಸಾಮಾನ್ಯವಾಗಿ ಇಲ್ಲಿಗೆ ಬರುವುದಿಲ್ಲ, ನೀವು ಬಂದದ್ದು ಸಂತೋಷ ಎಂದ.

ಪರೀಕ್ಷೆಯ ಕೋಣೆಗೂ ಕರೆದುಕೊಂಡು ಹೋದ. ಅಲ್ಲಿ ಉದ್ದನೆಯ ಬೆಂಚಿನ ಮೇಲೆ ಹತ್ತಾರು ಕೈಗಳು ಸಾಲಾಗಿ ಕೂತಿದ್ದವು. ಕಾದ ತಗಡೊಂದು ಸರಿಯುತ್ತ ಒಂದೊಂದರ ಹತ್ತಿರ ಬರುತ್ತಿತ್ತು. ಬಂದ ಕೂಡಲೇ ಕೈ ಹಿಂದೆ ಸರಿಯುತ್ತಿತ್ತು, ಮೇಲೆ ಹಸಿರು ದೀಪ ಹತ್ತುತ್ತಿತ್ತು. ಎಲ್ಲ ಕೈಗಳೂ ಒಂದೇ ರೀತಿ ಸರಿದವು, ಎಲ್ಲ ದೀಪಗಳೂ ಹತ್ತಿದವು. ನಂದಕುಮಾರನ ಮುಖದಲ್ಲಿ ಸಮಾಧಾನ ಕಾಣುತ್ತಿತ್ತು. ಪಳಗಿದ ಕೈಗಳು ಒಂದೊಂದು ಒಂದೊಂದು ರೀತಿ ನಡೆದುಕೊಳ್ಳುತ್ತಿದ್ದವು, ಪರೀಕ್ಷೆ ಮಾಡುವುದೇ ಆಗುತ್ತಿರಲಿಲ್ಲ, ಅದಕ್ಕೇ ಪಳಗುವುದನ್ನು ತೆಗೆಯಬೇಕಾಯಿತು ಎಂದು ವಿವರಿಸಿದ. ಶಿವಲೀಲಾ ಆ ಬೆಂಚನ್ನೇ ನೋಡುತ್ತ ನಿಂತಳು. ಅಲ್ಲಿದ್ದ ಒಂದು ಕೈಗೂ ಮೈ ಇರಲಿಲ್ಲ. ಒಂದು ಕೈಯೂ ಯಾರಿಗೂ ಊಟ ಮಾಡಿಸಬೇಕಾಗಿರಲಿಲ್ಲ. ಯಾರದೂ ಅಲ್ಲದ ಕೈಗಳಿಗೆ ಒಗ್ಗುವ ಹಾಗೆ ಇವರು ಎಲ್ಲರ ಕೈಗಳನ್ನೂ ತಿದ್ದಿದ್ದರು.

ಕಚೇರಿಗೆ ಮರಳಿದ ಮೇಲೆ, ಇದೆಲ್ಲ ಏಕೆ ಶುರುವಾಯಿತು ಎಂದು ಅವಳು ಕೇಳಿದಾಗ ನಂದಕುಮಾರ್ ಧ್ವನಿ ತಗ್ಗಿಸಿದ. ಎರಡು ತಿಂಗಳ ಹಿಂದೆ ಹೊಸದಾಗಿ ಕೈ ಹಾಕಿಸಿಕೊಂಡ ಹುಡುಗಿಯೊಬ್ಬಳು ಕುದಿಯುವ ಪಾತ್ರೆ ಹಿಡಿದಿದ್ದಳಂತೆ. ಕೈ ಇನ್ನೂ ಏನೂ ಕಲಿತಿರಲಿಲ್ಲ. ಹಿಡಿದದ್ದನ್ನು ಬಿಡಲಿಲ್ಲ, ಬಿಸಿ ಏರಿ ಅವಳ ಮೊಣಕೈವರೆಗೆ ಸುಟ್ಟಿತಂತೆ.

ಶಿವಲೀಲಾ ಕುರ್ಚಿ ಎಳೆದುಕೊಂಡು ಕೂತಳು. ಅದು ಅವಳದೇ ತಪ್ಪು. ಕಲಿತ ಕೈಗೆ ಬಿಸಿಯ ಅಂದಾಜು ಇರುತ್ತದೆ ಎಂದುಕೊಂಡವಳು, ಕಲಿಯುವ ಮುಂಚಿನ ದಿನಗಳನ್ನು ಮರೆತಿದ್ದಳು. ಹೊಸ ಕೈ ಅಂಜಿಕೊಂಡೇ ಇರಬೇಕು, ಕಲಿಯುತ್ತ ಕಲಿಯುತ್ತ ಧೈರ್ಯ ಬರಬೇಕು. ಹತ್ತಿಪ್ಪತ್ತು ಸಾಲಿನ ಕೆಲಸ. ಒಂದು ದಿನದಲ್ಲಿ ಮಾಡಿ ಕಳಿಸುತ್ತಿದ್ದಳು. ಆ ಹುಡುಗಿಗೂ ನ್ಯಾಯ ಸಿಗುತ್ತಿತ್ತು, ಗುರುಬಸವ್ವನ ರೊಟ್ಟಿಯೂ ಉಳಿಯುತ್ತಿತ್ತು. ತನಗೇಕೆ ಒಂದು ಮಾತು ಹೇಳಲಿಲ್ಲ ಎಂದು ಕೇಳಿದಳು.

“ಮೂಲದವರಿಗೆ ಬರೆದ್ರೆ ಚರ್ಚೆ ಶುರುವಾಗುತ್ತೆ ಮೇಡಂ, ತಿಂಗಳುಗಟ್ಟಲೆ ಎಳೀತಾರೆ. ಎಲ್ಲರೂ ನಿಮ್ಮ ಹಾಗಿರಲ್ಲ. ನಾವೇ ಒಂದು ತೇಪೆ ಹಾಕಿಬಿಟ್ರೆ ಮಧ್ಯಾಹ್ನದೊಳಗೆ ಮುಗಿಯುತ್ತೆ.”

ಹಾಗಾದರೆ ಮೂಲ ಅಂಗೈ ಬೇಕೆನ್ನುವವರಿಗೆ ಅದನ್ನು ಹಾಕಿಕೊಳ್ಳಲು ಬಿಡಿ, ನಾನು ಆ ದೋಷ ಸರಿಮಾಡಿ ಕೊಡುತ್ತೇನೆ, ನೀವು ಮೊಹರು ಒತ್ತಿ ಎಂದು ಶಿವಲೀಲಾ ಕೇಳಿಕೊಂಡಳು. ಅದಾಗದು ಎಂದ. ಈಗಿನದು ಸ್ಥಿರ ಆವೃತ್ತಿ, ಇನ್ನೆರಡು ವರ್ಷ ಅದರಲ್ಲಿ ಹೊಸದೇನೂ ಸೇರಿಸುವಂತಿಲ್ಲ, ಅದು ನಿಯಮ. ನೀವೇ ಹದಿನೇಳು ಸಲ ಸೇರಿಸಿದಿರಲ್ಲ ಎಂದರೆ, ಅವು ತಿದ್ದುಪಡಿಗಳು, ನಿಮ್ಮದು ಬದಲಾವಣೆ ಎಂದ. ಆ ಎರಡರ ನಡುವಿನ ಗೆರೆಯನ್ನು ಎಳೆಯುವವರು ಯಾರು ಎಂಬ ಪ್ರಶ್ನೆಗೆ ಅವನು ಸುಮ್ಮನೆ ಮುಗುಳ್ನಕ್ಕ. ಖಾನಾವಳಿಯ ವಿಷಯ ತೆಗೆದಾಗ ಅವನು ನಿಜವಾಗಿ ನೊಂದುಕೊಂಡು ಯೋಚಿಸಿ, ರೊಟ್ಟಿ ಮಗುಚಲು ಅವರು ಇಕ್ಕಳ ಬಳಸಬಹುದಲ್ಲ ಎಂದು ಸೂಚಿಸಿದ. ನಿಮಗೆ ಬೈಗುಳ ಬರುವುದು ಬೇಸರವಾಗಿದ್ದರೆ ನಿಮ್ಮ ಹೆಸರನ್ನೇ ತೆಗೆದುಬಿಡುತ್ತೇವೆ ಎಂದೂ ಸೇರಿಸಿದ.

ಶಿವಲೀಲಾ ಎದ್ದು ನಿಂತಳು. ಕಚೇರಿಯವರೆಲ್ಲ ಅವಳತ್ತ ತಿರುಗಿದರು. “ನನ್ನ ಹೆಸರಿನ ಚಿಂತಿ ಮಾಡಬ್ಯಾಡ್ರಿ ನೀವು. ನಾ ಇದನ್ನ ಎಲ್ಲಾರಿಗೂ ತಿದ್ದಾಕ ಕೊಟ್ಟೆ. ನಿಮಗೂ ಕೊಟ್ಟೆ, ಗುರುಬಸವ್ವಗೂ ಕೊಟ್ಟೆ. ನೀವು ತಿದ್ದಿದ್ರಿ, ಆಮ್ಯಾಲ ಆಕೀ ತಿದ್ದಿಕೊಳ್ಳಬಾರ್ದು ಅಂತ ಬಾಗಿಲಾ ಹಾಕಿದ್ರಿ. ಆ ಹಕ್ಕು ನಿಮಗ್ಯಾರು ಕೊಟ್ರು? ನಾ ಅಂತೂ ಕೊಟ್ಟಿಲ್ಲ.”

ನಂದಕುಮಾರ್ ಮುಂದಿನ ಸಭೆಯಲ್ಲಿ ವಿಷಯ ಇಡುತ್ತೇನೆ ಎಂದ. ಅವನು ಇಡುತ್ತಾನೆ, ಯಾರೂ ಕೇಳುವುದಿಲ್ಲ ಎಂದು ಅವಳಿಗೆ ಅನಿಸಿತು. ಕಾಫಿ ಮುಟ್ಟದೆ ಹೊರಟುಬಂದಳು.

ಧಾರವಾಡಕ್ಕೆ ಮರಳಿದವಳು ಮೊದಲು ಮಾಡಿದ ಕೆಲಸ ತನ್ನ ತಪ್ಪನ್ನು ತಿದ್ದಿದ್ದು. ಹೊಸ ಕೈ ಅಂಜುವಂತೆ, ಕಲಿತಂತೆಲ್ಲ ಅಂಜಿಕೆ ಬಿಡುವಂತೆ ಮಾಡಿ, ಹೀಗೊಂದು ದೋಷವಿತ್ತು, ಅದರಿಂದ ಒಬ್ಬ ಹುಡುಗಿಗೆ ಸುಟ್ಟಿತು ಎಂದು ಎಲ್ಲರಿಗೂ ಕಾಣುವಂತೆ ಬರೆದಳು. ಆಮೇಲೆ ಬೀಗದ ವಿಚಾರ. ಬೀಗವಿರುವುದು ಕೈಯೊಳಗಿನ ಚಿಪ್‌ನಲ್ಲಿ. ಮಹಾಂತೇಶ ಪ್ರಯೋಗದ ಕೈ ಬಿಚ್ಚಿ ಅದನ್ನು ಭೂತಗನ್ನಡಿಯಲ್ಲಿ ನೋಡಿ, ಬೀಗ ತೆಗೆಯಲಾಗದಿದ್ದರೆ ಬಾಗಿಲನ್ನೇ ಕಿತ್ತರಾಯಿತು, ಚಿಪ್ ತೆಗೆದು ಬೇರೆ ಕೂಡಿಸಿಕೊಡುತ್ತೇನೆ ಎಂದ.

ಆದರೆ ಹಾಗೆ ಮಾಡಿದರೆ ಒಕ್ಕೂಟದ ಬ್ಯಾಟರಿ, ರಿಪೇರಿ, ಆಸ್ಪತ್ರೆಯ ನೆರವು ಎಲ್ಲಕ್ಕೂ ಎಳ್ಳುನೀರು ಬಿಟ್ಟ ಹಾಗೆಯೇ. ಕೈಯನ್ನು ಅವರು ವಾಪಸು ಕೇಳಿದರೂ ಕೇಳಬಹುದು, ಆಸ್ಪತ್ರೆಯಲ್ಲಿ ಹಂಚಿದ ಕೈ ಲೆಕ್ಕದಲ್ಲಿ ಒಕ್ಕೂಟದ್ದೇ. ಶಿವಲೀಲಾ ಗಂಡನನ್ನು ಕರೆದುಕೊಂಡು ಗದಗಕ್ಕೆ ಹೋಗಿ ಇದನ್ನೆಲ್ಲ ಒಂದೂ ಮುಚ್ಚಿಡದೆ ಗುರುಬಸವ್ವನಿಗೆ ಹೇಳಿದಳು. ಅವಳು ಪೂರ್ತಿ ಕೇಳಿಸಿಕೊಂಡು, ತೋಳಿನ ಪಟ್ಟಿ ಬಿಚ್ಚಿ ಕೈಯನ್ನು ಮಹಾಂತೇಶನ ಮುಂದಿಟ್ಟಳು.

ಕೆಲಸ ಮುಗಿದು ಕೈ ಮತ್ತೆ ಅವಳ ತೋಳಿಗೇರಿದ ಮೇಲೂ ಮೊದಲ ದಿನಗಳಲ್ಲಿ ಅದು ಅಂಜಿಕೊಂಡೇ ಇತ್ತು. ಗುರುಬಸವ್ವ ಅದರ ಜೊತೆ ಎಮ್ಮೆ ಕರುವನ್ನು ಪಳಗಿಸುವವಳ ಹಾಗೆ ಬೈಯುತ್ತ, ಮುದ್ದುಮಾಡುತ್ತ ಕೆಲಸ ಮಾಡಿದಳು. ದಿನದಿಂದ ದಿನಕ್ಕೆ ಕೈ ಹಂಚಿಗೆ ಹತ್ತಿರವಾಯಿತು. ಏಟಿಗೆ ಕಸುವು ಬಂತು. ಒಂದು ದಿನ ಗುರುಬಸವ್ವ ಫೋನು ಮಾಡಿ ಮೊಬೈಲನ್ನು ಮಣೆಯ ಪಕ್ಕ ಇಟ್ಟಳು. ಒಂದೇ ಲಯದಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿ ಶಿವಲೀಲಾ ಪಾಲಿಟೆಕ್ನಿಕ್ಕಿನ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಅತ್ತುಬಿಟ್ಟಳು. ಈರಣ್ಣ ಮಷಿನ್ನಿನ ಮಾತು ಬಿಟ್ಟ. ಬೆಂಚುಗಳು ಮತ್ತೆ ತುಂಬಿದವು.

ಒಕ್ಕೂಟದ ಪರದೆಯಲ್ಲಿ ಮಾತ್ರ ಗದಗಿನ ಒಂದು ಚುಕ್ಕೆ ಆರಿಹೋಗಿತ್ತು. ಮೊದಲು ಸಂದೇಶಗಳು ಬಂದವು. ನಿಮ್ಮ ಅಂಗದಲ್ಲಿ ಅನಧಿಕೃತ ತಂತ್ರಾಂಶವಿದೆ, ಅಪಾಯ, ಕೂಡಲೇ ಹಿಂದಿರುಗಿಸಿ ಎಂದು. ಆಮೇಲೆ ನಮ್ಮ ಸಿಬ್ಬಂದಿ ಇಂಥ ದಿನ ಬರುತ್ತಾರೆ ಎಂದು ತಿಳಿಸಿದರು. ಆ ದಿನ ಶಿವಲೀಲಾ ರಜೆ ಹಾಕಿ ಬೆಳಿಗ್ಗೆಯೇ ಖಾನಾವಳಿಗೆ ಬಂದು ಕೂತಳು. ಬಾಯಿಗೆ ಬಂದದ್ದನ್ನೆಲ್ಲ ಆಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು.

ಬಂದವನು ನಂದಕುಮಾರನೇ. ಮಧ್ಯಾಹ್ನ, ಎಲ್ಲ ಬೆಂಚೂ ತುಂಬಿದ ಹೊತ್ತು. ಹೆಗಲಲ್ಲಿ ಚೀಲ, ಬೆವರಿದ ಮುಖ. ಒಲೆಯ ಹತ್ತಿರ ಬಂದು ನಿಂತು, ತಾನು ಯಾರು, ಏಕೆ ಬಂದೆ ಎಂದು ಮೆಲ್ಲಗೆ ಹೇಳಿದ. ತಾನಾಗಿ ಬಂದಿಲ್ಲ, ಕಳಿಸಿದ್ದಾರೆ ಎಂದ. ಒಕ್ಕೂಟದ ಕೈಯನ್ನು ಹಿಂದಿರುಗಿಸಿದರೆ ಹೊಸದೊಂದು ಕೊಡುತ್ತೇವೆ, ಆಸರೆ ಹದಿನೇಳು ಹಾಕಿದ್ದು, ಪೂರ್ತಿ ಸುರಕ್ಷಿತ ಎಂದ. ಶಿವಲೀಲಾ ಎದ್ದು ಬಾಯಿ ತೆರೆಯುವಷ್ಟರಲ್ಲಿ ಗುರುಬಸವ್ವ ಎಡಗೈ ಎತ್ತಿ ತಡೆದಳು.

ಅವಳು ಕೃತಕ ಕೈಯನ್ನು ನೀರಿನಲ್ಲಿ ತೊಳೆದು, ಸೆರಗಿನಿಂದ ಒರೆಸಿ, ತೋಳಿನ ಪಟ್ಟಿ ಬಿಚ್ಚಿದಳು. ಅದನ್ನು ನಂದಕುಮಾರನ ಕೈಗೆ ಕೊಟ್ಟಳು.

“ತಗೋರಿ. ಕೊಟ್ಟವರು ನೀವ, ಒಯ್ಯವರೂ ನೀವ. ಆದ್ರ ಇವರೆಲ್ಲಾ ಉಣ್ಣಾಕ ಕುಂತಾರ. ಇವತ್ತ ರೊಟ್ಟಿ ಯಾಕ ಇಲ್ಲ ಅಂತ ನೀವ ಹೇಳಿ ಹೋಗ್ರಿ. ನನಗ ಹೇಳಾಕ ಬರೂದಿಲ್ಲ.”

ನಂದಕುಮಾರ್ ತಿರುಗಿದ. ಬೆಂಚುಗಳ ಮೇಲೆ ಹಮಾಲರು, ಕಂಡಕ್ಟರುಗಳು, ಕೋರ್ಟಿಗೆ ಬಂದ ಹಳ್ಳಿಯವರು, ಒಂದಿಬ್ಬರು ವಕೀಲರು. ಎಲ್ಲರ ತಟ್ಟೆಯಲ್ಲೂ ಬದನೆಕಾಯಿ ಪಲ್ಯ, ಕಾಳು, ಶೇಂಗಾ ಚಟ್ನಿ, ಉಳ್ಳಾಗಡ್ಡಿ. ರೊಟ್ಟಿಯ ಜಾಗ ಖಾಲಿ. ಎಲ್ಲರೂ ಅವನನ್ನೂ ಅವನ ಕೈಯಲ್ಲಿದ್ದ ಕೈಯನ್ನೂ ನೋಡುತ್ತಿದ್ದರು.

ಅವನು ಸುರಕ್ಷತೆಯ ದೃಷ್ಟಿಯಿಂದ ಎಂದು ಶುರುಮಾಡಿದ. ಮುಂದೆ ಹೋಗಲಾಗಲಿಲ್ಲ. ನಿಯಮದ ಪ್ರಕಾರ ಎಂದು ಇನ್ನೊಮ್ಮೆ ಶುರುಮಾಡಿ ಅದನ್ನೂ ಬಿಟ್ಟ. ಕಚೇರಿಯಲ್ಲಿ ಸಲೀಸಾಗಿ ಬರುತ್ತಿದ್ದ ಮಾತುಗಳಿಗೆ ಇಲ್ಲಿ ಯಾರೂ ತಲೆಯಾಡಿಸುವವರಿರಲಿಲ್ಲ. ಕೊನೆಗೆ, ಕೇಳುವವರಿಗೆ ಅರ್ಥವಾಗಬೇಕಲ್ಲ ಎಂದು, ಇದ್ದದ್ದನ್ನು ಇದ್ದ ಹಾಗೆ ಹೇಳಿದ.

“ಇವರ ಕೈ ಚೆನ್ನಾಗಿ ಕೆಲಸ ಮಾಡ್ತಿತ್ತು. ನಾನು ಅದನ್ನ ತಿದ್ದಿದೆ, ಕೆಟ್ಟುಹೋಯ್ತು. ಈ ಮೇಡಂ ಮತ್ತೆ ಸರಿ ಮಾಡ್ಕೊಟ್ರು. ಸರಿ ಆಗಿರೋದನ್ನ ವಾಪಸ್ ತಗೊಂಡು, ಕೆಟ್ಟಿರೋದನ್ನ ಕೊಡೋಕೆ ನಾನು ಬಂದಿದೀನಿ.”

ಹೇಳಿ ಮುಗಿಸಿದ ಮೇಲೆ ಅವನೇ ಅದನ್ನು ಕೇಳಿಸಿಕೊಂಡವನ ಹಾಗೆ ನಿಂತುಬಿಟ್ಟ. ಅವನು ಒಲೆಯ ಕಡೆ ಬಂದು ಕೈಯನ್ನು ಗುರುಬಸವ್ವನ ತೊಡೆಯ ಮೇಲಿಟ್ಟ. ಅವಳು ಅದನ್ನು ತೋಳಿಗೆ ಕಟ್ಟಿಕೊಂಡು, ನಾದಿಟ್ಟ ಹಿಟ್ಟಿನಿಂದ ಉಂಡೆ ಮುರಿದು ಬಡಿಯಲು ಶುರುಮಾಡಿದಳು. ಹಂಚಿನ ಮೇಲೆ ಹಾಕಿ, ನೀರು ಸವರಿ, ಬರಿಗೈಯಲ್ಲಿ ಮಗುಚಿದಳು.

ಶಿವಲೀಲಾಳಿಗೆ ಅವನ ಮೇಲೆ ಕನಿಕರ ಬರಲಿಲ್ಲ. ಬರಬೇಕಿತ್ತೇನೋ. ಇಷ್ಟು ಸರಳವಾದ ಮಾತನ್ನು ಅವನ ಬಾಯಿಂದ ಹೊರಡಿಸಲು ಒಬ್ಬ ಹೆಂಗಸು ತನ್ನ ಕೈಯನ್ನೇ ಬಿಚ್ಚಿ ಕೊಡಬೇಕಾಯಿತಲ್ಲ ಎಂಬ ಸಿಟ್ಟು ಇನ್ನೂ ಆರಿರಲಿಲ್ಲ.

ಮೊದಲ ರೊಟ್ಟಿ ಬಾಗಿಲ ಪಕ್ಕದ ಬೆಂಚಿನ ಮುದುಕ ಹಮಾಲನ ತಟ್ಟೆಗೆ ಬಿತ್ತು. ತೆಳ್ಳಗೆ, ಉಬ್ಬಿ, ಆವಿಯಾಡುತ್ತಿತ್ತು. ಅವನು ಅದನ್ನು ಮುರಿಯಲಿಲ್ಲ.

“ಈಕೀದ ಆತು,” ಎಂದ. “ಉಳದವರ ಕೈ?”

ನಂದಕುಮಾರ್ ಶಿವಲೀಲಾಳ ಕಡೆ ನೋಡಿದ. ಅವಳು ಅವನ ನೆರವಿಗೆ ಬರಲಿಲ್ಲ. ಎರಡನೆಯ ರೊಟ್ಟಿ ಬಂತು, ಮೂರನೆಯದು ಬಂತು. ಇಡೀ ಖಾನಾವಳಿ ತಟ್ಟೆ ಮುಂದಿಟ್ಟುಕೊಂಡು, ಒಂದು ತುತ್ತೂ ಎತ್ತದೆ, ಅವನು ಏನು ಹೇಳುತ್ತಾನೋ ಎಂದು ಕಾಯುತ್ತಿತ್ತು.